ಹಂಪಿಯ ಕಲ್ಲಿನ ರಥ ಮತ್ತು ಒಂಬತ್ತು ಟ್ರಂಕುಗಳು

ಎಪ್ಪತ್ತು ದಾಟಿದ ಮೇಲೆ ಫೋಟೋಗ್ರಫಿ ಕ್ಲಾಸಿಗೆ ಸೇರಿದ್ದೇನೆ ಅಂದಾಗ ಊರಿನಲ್ಲಿರುವ ಅಣ್ಣ ಫೋನಿನಲ್ಲೇ ನಕ್ಕುಬಿಟ್ಟ. "ಎಂತ ಮಾರಾಯ, ಈ ಪ್ರಾಯದಲ್ಲಿ ಯಾವ ಪರೀಕ್ಷೆ ನಿನಗೆ?" ಅಂದ. ಅವನ ತಪ್ಪಲ್ಲ. ನಾನು 1969ರಲ್ಲಿ ಹದಿನಾರನೇ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಬಸ್ಸು ಹತ್ತಿ ಮುಂಬಯಿಗೆ ಬಂದವನು. ಹಗಲು ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಆಮೇಲೆ ಒಂದು ಆಫೀಸಿನಲ್ಲಿ ಗುಮಾಸ್ತಿಕೆ, ಡೊಂಬಿವಲಿಯಲ್ಲಿ ಮನೆ, ಮಕ್ಕಳ ಮದುವೆ, ನಿವೃತ್ತಿ. ಇಷ್ಟರ ನಡುವೆ ಕ್ಯಾಮರಾ ಅನ್ನುವುದು ಮದುವೆ ಮುಂಜಿಗಳಲ್ಲಿ ಬೇರೆಯವರ ಕೈಯಲ್ಲಿ ಇರುವ ವಸ್ತುವಾಗಿತ್ತು. ಮಗಳು ಹೊಸ ಕ್ಯಾಮರಾ ಕೊಂಡಾಗ ಹಳೆಯದನ್ನು ನನ್ನ ಕೈಗಿತ್ತಳು. ಸುಮ್ಮನೆ ಕಪಾಟಿನಲ್ಲಿಡುವ ಬದಲು ದಾದರಿನಲ್ಲಿ ಭಾನುವಾರದ ಕ್ಲಾಸಿಗೆ ಹೋಗತೊಡಗಿದೆ.

ಕ್ಲಾಸಿನಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಇಪ್ಪತ್ತು ಇಪ್ಪತ್ತೈದರವರು. ಕಲಿಸುವ ಮೇಡಂ ಕೂಡ ನನ್ನ ಮಗಳ ವಯಸ್ಸಿನವಳು. ಎರಡು ತಿಂಗಳು ಅಪರ್ಚರ್, ಶಟರ್, ಐಎಸ್‌ಒ ಎಂದೆಲ್ಲ ಹೇಳಿಕೊಟ್ಟು ಕೊನೆಗೆ ಒಂದು ಕೆಲಸ ಕೊಟ್ಟಳು: ಒಂದೇ ವಿಷಯದ ಮೇಲೆ ಹತ್ತು ಫೋಟೋ. ಇದೇನು ಮಹಾ ಅಂದುಕೊಂಡೆ. ಜುಲೈ ತಿಂಗಳು, ಹೊರಗೆ ಮಳೆ ಸುರಿಯುತ್ತಿತ್ತು. "ಮುಂಬಯಿ ಮಳೆ" ಅಂತ ವಿಷಯ ಇಟ್ಟುಕೊಂಡು ಹತ್ತು ಚಿತ್ರ ತೆಗೆದೆ. ಕೊಡೆ ಹಿಡಿದ ಹುಡುಗಿ, ನೀರು ತುಂಬಿದ ರೈಲು ಹಳಿ, ಮೆಕ್ಕೆಜೋಳ ಸುಡುವವನು, ಮರೀನ್ ಡ್ರೈವಿನ ಅಲೆ, ಒದ್ದೆ ನಾಯಿ... ಪ್ರಿಂಟು ಹಾಕಿಸಿ ಹೆಮ್ಮೆಯಿಂದ ಮೇಜಿನ ಮೇಲೆ ಹರಡಿದೆ.

ಮೇಡಂ ಒಂದೊಂದನ್ನೂ ನೋಡಿದಳು. ಆಮೇಲೆ ಮೆಲ್ಲಗೆ, "ಕಾಕಾ, ಹೇ ದಹಾ ಫೋಟೋ ಆಹೇತ್. ಮಾಲಿಕಾ ನಾಹಿ" ಅಂದಳು. ಇವು ಹತ್ತು ಫೋಟೋಗಳು, ಮಾಲಿಕೆ ಅಲ್ಲ, ಅಂತ.

ಮರಾಠಿಯ ಮಾಲಿಕಾ, ನಮ್ಮ ಮಾಲಿಕೆ, ಎರಡೂ ಒಂದೇ. ಹೂವು ಇದೆ, ದಾರ ಇಲ್ಲ ಅಂದ ಹಾಗಾಯಿತು. ದಾರ ಅಂದರೆ ಯಾವುದು ಎಂದು ಕೇಳಿದೆ. "ಹಿಂದಿನವರು ಹೇಗೆ ಮಾಡಿದ್ದಾರೆ, ಮೊದಲು ಅದನ್ನು ನೋಡಿ ಬನ್ನಿ" ಅಂದಳು. ಇತಿಹಾಸ ಅಂದರೆ ನನಗೆ ರಾತ್ರಿಶಾಲೆಯ ದಿನಗಳಿಂದಲೂ ಪ್ರೀತಿ. ಹಾಗಾಗಿ ಆರು ವಾರ ಕ್ಯಾಮರಾವನ್ನು ಬದಿಗಿಟ್ಟು ಓದಿದೆ. ಓದುತ್ತ ಹೋದ ಹಾಗೆ ಗೊತ್ತಾದದ್ದು, ನಾನು ಹುಡುಕುತ್ತಿದ್ದ ಕತೆ ದೂರದ ಪ್ಯಾರಿಸ್ಸಿನದಲ್ಲ, ಅರ್ಧ ಈ ಮುಂಬಯಿಯದು, ಇನ್ನರ್ಧ ನಮ್ಮ ಕನ್ನಡ ನಾಡಿನದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುಂಬಯಿಯ ಮೊದಲ ಫೋಟೋ ಕ್ಲಾಸು

ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ. ಅಲ್ಲಿಂದ ಹದಿನೈದೇ ವರ್ಷದಲ್ಲಿ, 1854ರಲ್ಲಿ, ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಮರುವರ್ಷ, ಅಂದರೆ 1855ರಲ್ಲಿ, ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಫೋಟೋಗ್ರಫಿಯ ಒಂದು ತರಗತಿ ಶುರುವಾಯಿತು. ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿ ಆಗಿನ್ನೂ ಎರಡೇ ವರ್ಷ! ಅಲ್ಲಿ ಕಲಿತವರಲ್ಲಿ ಹರಿಚಂದ್ ಚಿಂತಾಮಣ್ ಎಂಬವರು ಮುಂದೆ ಮುಂಬಯಿಯಲ್ಲಿ ಸ್ವಂತ ಸ್ಟುಡಿಯೋ ನಡೆಸಿದರು. ಭಾವು ದಾಜಿ ಲಾಡ್ ಅವರ ಹೆಸರಿನ ಮ್ಯೂಸಿಯಂ ಭಾಯಖಳದಲ್ಲಿ ಇರುವುದು ನಮಗೆಲ್ಲ ಗೊತ್ತು. ಅವರ ತಮ್ಮ ನಾರಾಯಣ ದಾಜಿ ವೈದ್ಯರೂ ಹೌದು, ಆ ಸೊಸೈಟಿಯ ಸಮಿತಿಯಲ್ಲಿದ್ದ ಫೋಟೋಗ್ರಾಫರೂ ಹೌದು.

ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ದಾದರಿನ ಮೂರನೇ ಮಹಡಿಯ ನಮ್ಮ ಕ್ಲಾಸು ಯಾವ ದೊಡ್ಡ ವಂಶದ ಕೊನೆಯ ಕುಡಿ ನೋಡಿ!

ಆ ಸೊಸೈಟಿಯವರಲ್ಲಿ ವಿಲಿಯಂ ಜಾನ್ಸನ್ ಮತ್ತು ವಿಲಿಯಂ ಹೆಂಡರ್‌ಸನ್ ಎಂಬಿಬ್ಬರು 1856ರಿಂದ 1858ರ ತನಕ ಒಂದು ಆಲ್ಬಮ್ ಹೊರತಂದರು. ಈಗಿನ ಮಾಸಪತ್ರಿಕೆಯ ಹಾಗೆ ತಿಂಗಳು ತಿಂಗಳು ಬರುತ್ತಿತ್ತು, ಪ್ರತಿ ಸಂಚಿಕೆಯಲ್ಲಿ ಮೂರು ಫೋಟೋ. ಆಗ ಪುಸ್ತಕದಲ್ಲಿ ಫೋಟೋ ಅಚ್ಚು ಹಾಕುವ ಯಂತ್ರ ಇರಲಿಲ್ಲ. ಒಂದೊಂದು ಫೋಟೋವನ್ನೂ ಬಿಸಿಲಿನಲ್ಲಿ ಪ್ರಿಂಟು ಮಾಡಿ ಕೈಯಿಂದ ಅಂಟಿಸಬೇಕು. ಊರ ನೋಟ, ಕಟ್ಟಡ, ಮತ್ತೆ ಇಲ್ಲಿಯ ಬೇರೆ ಬೇರೆ ಜಾತಿ ಕಸುಬುಗಳ ಜನ, ಇವು ಅದರ ವಿಷಯಗಳು. ಈ ಜಾನ್ಸನ್ ಸಾಹೇಬರ ಕತೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಹಂಪಿಗೆ ಹೋಗಿ ಬರೋಣ. ದಾರ ಅಂದರೆ ಏನು ಅಂತ ನನಗೆ ಮೊದಲು ಹೊಳೆದದ್ದು ಅಲ್ಲಿ.

ಗ್ರೀನ್‌ಲಾ ಕಂಡ ರಥ

ಅಲೆಕ್ಸಾಂಡರ್ ಗ್ರೀನ್‌ಲಾ ಮದರಾಸು ಸೈನ್ಯದ ಅಧಿಕಾರಿ. 1856ರಲ್ಲಿ ಹಂಪಿಯಲ್ಲಿ ತಿರುಗಿ ಅಲ್ಲಿಯ ಗುಡಿ, ಮಂಟಪ, ಬೀದಿಗಳ ಚಿತ್ರಗಳನ್ನು ತೆಗೆದ. ಫಿಲ್ಮು ಇಲ್ಲ, ಗಾಜಿನ ಪ್ಲೇಟೂ ಅಲ್ಲ, ಕಾಗದದ ನೆಗೆಟಿವ್. ಕಾಗದಕ್ಕೆ ಬೆಳ್ಳಿಯ ಲವಣ ಹಚ್ಚಿ, ಮೇಣ ಹಾಕಿ ಪಾರದರ್ಶಕ ಮಾಡುವ ವಿಧಾನ ಅದು. ಅವನ ನೆಗೆಟಿವುಗಳು ಬಹಳ ದೊಡ್ಡವು, ಹಾಗಾದರೆ ಕ್ಯಾಮರಾದ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಯೋಚಿಸಿ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೀಳಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಇದನ್ನೆಲ್ಲ ಹೊತ್ತುಕೊಂಡು ಬಂಡೆಗಳ ನಡುವೆ ಹೋಗುವುದೆಂದರೆ ತಮಾಷೆಯಲ್ಲ. ಮೆಮೊರಿ ಕಾರ್ಡಿನಲ್ಲಿ ಸಾವಿರ ಫೋಟೋ ಹಿಡಿಸುವ ನಾನು ಹತ್ತು ಮಳೆ ಚಿತ್ರಕ್ಕೆ ಸುಸ್ತಾಗಿದ್ದೆ!

ಆ ನೆಗೆಟಿವುಗಳು ಯಾರದೋ ಖಾಸಗಿ ಸಂಗ್ರಹದಲ್ಲಿ ನೂರಕ್ಕೂ ಹೆಚ್ಚು ವರ್ಷ ಮಲಗಿದ್ದು, 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. ಆಗ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಫೋಟೋಗ್ರಾಫರ್ 1983ರಲ್ಲಿ ಹಂಪಿಗೆ ಬಂದು ಒಂದು ಕೆಲಸ ಮಾಡಿದ. ಗ್ರೀನ್‌ಲಾ ಎಲ್ಲೆಲ್ಲಿ ನಿಂತಿದ್ದನೋ ಅದೇ ಜಾಗ ಹುಡುಕಿ, ಅದೇ ಕೋನದಿಂದ, ಅದೇ ಚಿತ್ರಗಳನ್ನು ಮತ್ತೆ ತೆಗೆದ. ನಡುವೆ 127 ವರ್ಷ.

ವಿಜಯ ವಿಠ್ಠಲ ಗುಡಿಯ ಕಲ್ಲಿನ ರಥ ನಮಗೆಲ್ಲ ಗೊತ್ತು. ಈಗಿನ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲೂ ಅದೇ ಇದೆ. ಆದರೆ ಗ್ರೀನ್‌ಲಾನ ಚಿತ್ರದಲ್ಲಿ ಆ ರಥ ಬೇರೆಯೇ. ಅದರ ತಲೆಯ ಮೇಲೆ ಇಟ್ಟಿಗೆಯ ಒಂದು ಶಿಖರ ಇದೆ! ಈಗ ಅದು ಇಲ್ಲ. ನಾವು ನೋಟಿನ ಮೇಲೆ ನೋಡುತ್ತಿರುವುದು ಶಿಖರ ಕಳೆದುಕೊಂಡ ರಥವನ್ನು. 1856ರಲ್ಲಿ ಒಬ್ಬ ಅಲ್ಲಿ ನಿಂತಿದ್ದರಿಂದ ಆ ಶಿಖರವನ್ನು ನಾವು ಇಂದು ಅವನ ಚಿತ್ರದಲ್ಲಿ ನೋಡಬಹುದು.

ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ನನಗೆ ಹೊಳೆದದ್ದು ಇಷ್ಟು. ಗಾಲಿಂಗ್ಸ್ ಎಲ್ಲವನ್ನೂ ಹಾಗೆಯೇ ಇಟ್ಟ: ನಿಂತ ಜಾಗ, ಕೋನ, ಅಳತೆ. ಅದಕ್ಕೇ ಬದಲಾದದ್ದು ಒಂದು ಎದ್ದು ಕಂಡಿತು. ನಾನು ಮಳೆ ಚಿತ್ರಗಳಲ್ಲಿ ಎಲ್ಲವನ್ನೂ ಬದಲಾಯಿಸಿದ್ದೆ. ಒಂದು ಹತ್ತಿರದಿಂದ, ಇನ್ನೊಂದು ದೂರದಿಂದ. ಒಂದರಲ್ಲಿ ಮನುಷ್ಯ, ಇನ್ನೊಂದರಲ್ಲಿ ಸಮುದ್ರ. ಯಾವುದೂ ನಿಲ್ಲದೆ ಇದ್ದಾಗ ನೋಡುವವನ ಕಣ್ಣಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಏನನ್ನು ಬದಲಾಯಿಸಬಾರದು ಎಂದು ಮೊದಲೇ ತೀರ್ಮಾನಿಸುವುದೇ ದಾರ.

ಸರಕಾರ ಮಾಡಿಸಿದ ಮಾಲಿಕೆ

ಗ್ರೀನ್‌ಲಾ ಹಂಪಿಗೆ ಹೋಗುವ ಹೊತ್ತಿಗೆ ಮುಂಬಯಿ ಸರಕಾರವೂ ಇದೇ ಕೆಲಸಕ್ಕೆ ಕೈಹಾಕಿತ್ತು. ಹಳೆಯ ಕಟ್ಟಡಗಳ ಚಿತ್ರ ಬರೆಯಲು ಕಲಾವಿದರನ್ನು ಇಡುವ ಬದಲು ಫೋಟೋ ತೆಗೆಸಿದರೆ ಖರ್ಚೂ ಕಡಿಮೆ, ತಪ್ಪೂ ಕಡಿಮೆ ಎಂಬುದು ಕಂಪನಿಯ ಲೆಕ್ಕ. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಕ್ಯಾಪ್ಟನ್ನನನ್ನು ಇದಕ್ಕೆಂದೇ ನೇಮಿಸಿದರು. ಅವನು ಹೋದದ್ದೆಲ್ಲಿಗೆ? ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು! ಇವೆಲ್ಲ ಆಗ ಮುಂಬಯಿ ಪ್ರಾಂತದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಧಾರವಾಡ ವಿಜಾಪುರದವರಿಗೆ ಮುಂಬಯಿ ನೂರಕ್ಕೂ ಹೆಚ್ಚು ವರ್ಷ "ಹೊರರಾಜ್ಯ" ಆಗಿರಲಿಲ್ಲ ಅನ್ನುವುದನ್ನು ನಾವು ಇಲ್ಲಿಯವರು ಆಗಾಗ ನೆನೆಯಬೇಕು.

ವರ್ಷ ತುಂಬುವಷ್ಟರಲ್ಲಿ ಬಿಗ್ಸ್‌ನನ್ನು ಸೈನ್ಯಕ್ಕೆ ವಾಪಸು ಕರೆದರು. ಅವನ ಜಾಗಕ್ಕೆ ಡಾಕ್ಟರ್ ಪಿಗೂ ಬಂದ. ಪಿಗೂ 1858ರಲ್ಲಿ ತೀರಿಕೊಂಡ. ಮುಂದೆ ನೀಲ್ ಎಂಬಾತನೂ ಚಿತ್ರ ತೆಗೆದ. ಮೂವರ ಚಿತ್ರಗಳೂ ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗ್ಗೆ ಒಂದು ದೊಡ್ಡ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಇತಿಹಾಸ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು. ಈ ಪುಸ್ತಕಗಳ ಸಾಲಿಗೆ ಹಣ ಕೊಟ್ಟವರು ಪ್ರೇಮಚಂದ ರಾಯಚಂದರಂಥ ಮುಂಬಯಿಯ ವರ್ತಕರು. ಹೌದು, ಫೋರ್ಟಿನಲ್ಲಿರುವ ರಾಜಾಬಾಯಿ ಗಡಿಯಾರ ಗೋಪುರಕ್ಕೆ ಹಣ ಕೊಟ್ಟ ಅದೇ ಪ್ರೇಮಚಂದರು. ಮುಂಬಯಿಯ ಹತ್ತಿ ವ್ಯಾಪಾರದ ದುಡ್ಡಿನಲ್ಲಿ ಹಳೇಬೀಡಿನ ಗೋಡೆಗಳು ಪುಸ್ತಕಕ್ಕೆ ಬಂದವು ಅಂದರೆ ನಂಬಲು ಕಷ್ಟ.

ನನ್ನಂಥ ಹೊಸ ವಿದ್ಯಾರ್ಥಿಗೆ ಇದರಲ್ಲಿ ಒಂದು ಪಾಠ ಇದೆ. ಮೂವರು ಬೇರೆ ಬೇರೆ ಕೈಗಳು, ಹತ್ತಿರ ಹತ್ತಿರ ಹತ್ತು ವರ್ಷ. ಆದರೂ ಅದು ಒಂದೇ ಮಾಲಿಕೆ, ಏಕೆಂದರೆ ಕೇಳಿದ ಪ್ರಶ್ನೆ ಒಂದೇ: ಈ ಕಟ್ಟಡ ಹೇಗಿದೆ?

ಆದರೆ ಕೇಳದೆ ಬಿಟ್ಟ ಪ್ರಶ್ನೆಗಳೂ ಇವೆ. ಐಹೊಳೆಯ ಲಾಡಖಾನ ಗುಡಿಗೆ ಆ ಹೆಸರು ಬಂದದ್ದೇ ಆ ಹೆಸರಿನವನೊಬ್ಬ ಅದರಲ್ಲಿ ವಾಸವಾಗಿದ್ದ ಅನ್ನುವ ಕಾರಣಕ್ಕೆ. ಇಂಥ ಜಾಗಗಳಲ್ಲಿ ಜನ ಇದ್ದರು, ದನ ಕಟ್ಟುತ್ತಿದ್ದರು, ಅಡಿಗೆ ಮಾಡುತ್ತಿದ್ದರು. ಆ ಕಾಲದ ಕಟ್ಟಡದ ಫೋಟೋಗಳಲ್ಲಿ ಮನುಷ್ಯನೊಬ್ಬ ನಿಂತಿದ್ದರೆ ಬಹಳ ಸಲ ಅವನು ಅಳತೆಗೋಲು ಅಷ್ಟೆ: ಕಂಬ ಎಷ್ಟು ಎತ್ತರ ಅಂತ ತೋರಿಸಲಿಕ್ಕೆ. ಅವನ ಹೆಸರು ಯಾರೂ ಬರೆದಿಡಲಿಲ್ಲ.

ಹೆಸರಿಲ್ಲದ ಮುಖಗಳು

ಈಗ ಜಾನ್ಸನ್ ಸಾಹೇಬರಿಗೆ ಬರುತ್ತೇನೆ. 1863 ಮತ್ತು 1866ರಲ್ಲಿ ಅವನು ಎರಡು ಸಂಪುಟಗಳಲ್ಲಿ ಮುಂಬಯಿಯ ನಿವಾಸಿಗಳ, ಮುಂಬಯಿಗೆ ಬಂದು ಹೋಗುವವರ ಜಾತಿ ಪಂಗಡಗಳ ಚಿತ್ರ ಪ್ರಕಟಿಸಿದ. ಒಂದೊಂದು ಚಿತ್ರದಲ್ಲಿ ಒಂದೊಂದು ಸಮುದಾಯದ ಕೆಲವರು, ತಮ್ಮ ಉಡುಪಿನಲ್ಲಿ. ವಿಷಯ ಒಂದೇ, ಜೋಡಣೆಯೂ ಒಂದೇ ರೀತಿ. ನಮ್ಮ ಮೇಡಂ ನೋಡಿದ್ದರೆ "ಹೌದು, ಇದು ಮಾಲಿಕಾ" ಅನ್ನುತ್ತಿದ್ದಳು.

ಆದರೆ ಚಿತ್ರಗಳಲ್ಲಿ ಒಂದು ಗುಟ್ಟಿದೆ. ಜನರ ಫೋಟೋ ತೆಗೆದದ್ದು ಸ್ಟುಡಿಯೋದಲ್ಲಿ. ಹಿಂದೆ ಕಾಣುವ ಮುಂಬಯಿಯ ಬೀದಿ, ಗುಡಿ, ಕೆರೆ ಬೇರೆ ಫೋಟೋ. ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿದ್ದಾನೆ. ಕಂಪ್ಯೂಟರ್ ಹುಟ್ಟುವ ಎಷ್ಟೋ ಕಾಲ ಮೊದಲೇ! ಕೈಚಳಕ ಮೆಚ್ಚಬೇಕಾದ್ದೇ. ಆದರೆ ಚಿತ್ರದ ಕೆಳಗೆ ಇರುವುದು ಪಂಗಡದ ಹೆಸರು, ಕುಳಿತವರ ಹೆಸರಲ್ಲ. ಅವರು ನಿಜವಾಗಿ ಎಲ್ಲಿ ವಾಸವಿದ್ದರು, ಯಾವ ಊರಿನಿಂದ ಬಂದರು ಅನ್ನುವುದನ್ನು ಆ ಹಿನ್ನೆಲೆ ಹೇಳುವುದಿಲ್ಲ. ಅದು ಸಾಹೇಬರು ಆರಿಸಿದ ಹಿನ್ನೆಲೆ.

ಇದೇ ಕೆಲಸ 1868ರಿಂದ 1875ರ ತನಕ ಸರಕಾರದ ಮಟ್ಟದಲ್ಲಿ ನಡೆಯಿತು. "ದಿ ಪೀಪಲ್ ಆಫ್ ಇಂಡಿಯಾ" ಎಂಬ ಎಂಟು ಸಂಪುಟಗಳು, ನಾನೂರಕ್ಕೂ ಹೆಚ್ಚು ಫೋಟೋಗಳು. ಶುರುವಾದದ್ದು ಗವರ್ನರ್ ಜನರಲ್ ಕ್ಯಾನಿಂಗ್ ದಂಪತಿಗೆ ಈ ದೇಶದ ನೆನಪಿಗೆ ಒಂದಷ್ಟು ಚಿತ್ರ ಬೇಕೆಂಬ ಆಸೆಯಿಂದ. ಮುಗಿದದ್ದು ಸರಕಾರಿ ದಾಖಲೆಯಾಗಿ. ಕೆಲವು ಪಂಗಡಗಳು ನಂಬಿಗಸ್ತರು, ಕೆಲವು ಕಳ್ಳರು ಎಂದೆಲ್ಲ ಷರಾ ಬೇರೆ. 1869ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರು ಮಗನ ಜೊತೆ ಲಂಡನ್ನಿನಲ್ಲಿದ್ದಾಗ ಈ ಪುಸ್ತಕ ನೋಡಿ ಬಹಳ ನೊಂದುಕೊಂಡರು. ಇಂಗ್ಲೆಂಡಿನಿಂದ ಇಲ್ಲಿಗೆ ಅಧಿಕಾರಿಗಳಾಗಿ ಬರಲಿರುವ ತರುಣರು ಇದನ್ನು ನೋಡಿ ನಮ್ಮ ಬಗ್ಗೆ ಏನೆಂದುಕೊಂಡಾರು ಎಂಬುದು ಅವರ ಚಿಂತೆ.

ಇದನ್ನು ಓದಿ ನನಗೆ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಯಾಕೆಂದರೆ ನಾವೂ ಈ ಊರಿನಲ್ಲಿ ಒಂದು "ಪಂಗಡ"ವಾಗಿಯೇ ಬದುಕಿದವರು. ಮದ್ರಾಸಿ, ಅಣ್ಣಾ, ಶೆಟ್ಟಿ, ಉಡುಪಿಯವ... ಊರಿನವರಿಗೆ ನಾವು ಇಡ್ಲಿ ತಟ್ಟೆಯ ಹಿಂದಿನ ಮುಖಗಳು. ಸಿನಿಮಾದವರೂ ನಮ್ಮನ್ನು ಹಾಗೆಯೇ ತೋರಿಸಿದ್ದು. ಕ್ಯಾಂಟೀನಿನಲ್ಲಿ ಆರು ವರ್ಷ ಲೋಟ ತೊಳೆದವನಿಗೆ ಒಂದು ಹೆಸರಿತ್ತು, ಒಂದು ಊರಿತ್ತು ಅಂತ ಯಾವ ಆಲ್ಬಮ್ಮಿನಲ್ಲಿದೆ?

ದೂರದ ಮೂವರು

ಹೊರದೇಶದವರ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಮೇಡಂ ಇವರ ಹೆಸರುಗಳನ್ನು ಬರೆದುಕೊಟ್ಟಿದ್ದಳು.

ಪ್ಯಾರಿಸ್ಸಿನ ಯೂಜೀನ್ ಅಟ್‌ಜೆ ಭಾರವಾದ ಹಳೆಯ ಕ್ಯಾಮರಾ ಹೊತ್ತು ಸುಮಾರು ಮೂವತ್ತು ವರ್ಷ ಹಳೆಯ ಪ್ಯಾರಿಸ್ಸನ್ನು ಚಿತ್ರಿಸಿದ: ಅಂಗಡಿ ಮುಂಗಟ್ಟು, ಅಂಗಳ, ಮೆಟ್ಟಿಲು, ಬೀದಿ ವ್ಯಾಪಾರಿಗಳು. ತಾನು ಕಲಾವಿದ ಅಂತ ಹೇಳಿಕೊಳ್ಳಲಿಲ್ಲ. ಕಲಾವಿದರಿಗೆ ದಾಖಲೆ ಮಾರುವವನು ಎಂದಷ್ಟೇ ಹೇಳುತ್ತಿದ್ದ. 1920ರಲ್ಲಿ ಸುಮಾರು 2,600 ನೆಗೆಟಿವುಗಳನ್ನು ಸರಕಾರಕ್ಕೆ ಮಾರಿದ. 1927ರಲ್ಲಿ ಅವನು ತೀರಿದ ಮೇಲೆ ಉಳಿದದ್ದನ್ನು ಕಾಪಾಡಿದವಳು ಬೆರೆನಿಸ್ ಆಬಟ್ ಎಂಬ ಅಮೆರಿಕದ ಹುಡುಗಿ.

ಜರ್ಮನಿಯ ಆಗಸ್ಟ್ ಸ್ಯಾಂಡರ್ ತನ್ನ ಕಾಲದ ಎಲ್ಲ ಕಸುಬಿನ ಜನರ ಚಿತ್ರ ತೆಗೆಯಲು ಹೊರಟ. ರೈತ, ವಕೀಲ, ಭಿಕ್ಷುಕ, ಎಲ್ಲರಿಗೂ ಒಂದೇ ಮರ್ಯಾದೆ, ಎಲ್ಲರೂ ನೇರವಾಗಿ ಕ್ಯಾಮರಾ ನೋಡುತ್ತಾರೆ. 1928ರಲ್ಲಿ ಅವನು ತೆಗೆದ ಕೇಕು ಮಾಡುವ ಬಾಣಸಿಗನ ಚಿತ್ರ ನೋಡಬೇಕು ನೀವು. ದೊಡ್ಡ ಬಟ್ಟಲು ಹಿಡಿದು ನಿಂತ ಆ ದಪ್ಪ ಮನುಷ್ಯನ ಗತ್ತು ಥೇಟ್ ನಮ್ಮ ಕ್ಯಾಂಟೀನಿನ ಭಟ್ಟರದೇ. 1929ರಲ್ಲಿ 60 ಚಿತ್ರಗಳ ಪುಸ್ತಕ ಬಂತು. 1936ರಲ್ಲಿ ನಾಜಿಗಳು ಅದರ ಅಚ್ಚಿನ ಪ್ಲೇಟುಗಳನ್ನು ನಾಶ ಮಾಡಿದರು.

ಮೂರನೆಯದು ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿ. ಜರ್ಮನಿಯ ಗಣಿ ಪ್ರದೇಶದ ಹಳೆಯ ಕಟ್ಟಡಗಳನ್ನು ಬರ್ನ್ಡ್ ಮೊದಲು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಬರೆದು ಮುಗಿಸುವ ಮೊದಲೇ ಕಟ್ಟಡ ಕೆಡವಿಬಿಡುತ್ತಿದ್ದರು. ಹಾಗಾಗಿ ಕ್ಯಾಮರಾ ಹಿಡಿದ. 1959ರಿಂದ ಗಂಡ ಹೆಂಡತಿ ಸೇರಿ ನೀರಿನ ಟ್ಯಾಂಕು, ಕುಲುಮೆ, ಗಣಿಯ ಗೋಪುರಗಳನ್ನು ಮೋಡ ಕವಿದ ದಿನ, ನೆರಳು ಬೀಳದ ಬೆಳಕಿನಲ್ಲಿ, ಎದುರಿನಿಂದ ಚಿತ್ರಿಸಿದರು. ಒಂಬತ್ತು ಟ್ಯಾಂಕು ಸಾಲಾಗಿ ಇಟ್ಟರೆ ಒಂದರಂತೆ ಒಂದಿಲ್ಲ ಅನ್ನುವುದು ಆಗಲೇ ಕಾಣುವುದು.

ನನ್ನ ಟ್ರಂಕುಗಳು

ಇಷ್ಟು ಓದಿದ ಮೇಲೆ ಒಂದು ರಾತ್ರಿ ಮಂಚದ ಕೆಳಗಿಂದ ಚಪ್ಪಲಿ ತೆಗೆಯಲು ಬಗ್ಗಿದಾಗ ನನ್ನ ಟ್ರಂಕು ಕಂಡಿತು.

ಊರು ಬಿಟ್ಟು ಬಂದ ನಮ್ಮ ಕಾಲದವರಿಗೆಲ್ಲ ಒಂದು ತಗಡಿನ ಟ್ರಂಕು ಇರುತ್ತಿತ್ತು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು ಬಸ್ಸಿನ ಮೇಲೆ ಹಗ್ಗದಲ್ಲಿ ಬಿಗಿದ ಟ್ರಂಕುಗಳೇ ನಮ್ಮ ಹಿಂದೆ ಬಂದವು. ಕ್ಯಾಂಟೀನಿನಲ್ಲಿ ನಮಗೆ ಕೋಣೆ ಇಲ್ಲ. ಟ್ರಂಕು ಇಟ್ಟ ಜಾಗವೇ ನಮ್ಮ ಮನೆ. ಅದರ ಮೇಲೆ ಪುಸ್ತಕ ಇಟ್ಟು ರಾತ್ರಿಶಾಲೆಯ ಲೆಕ್ಕ ಮಾಡಿದ್ದು, ಅದರ ಮೇಲೆ ಕಾಗದ ಇಟ್ಟು ಅಮ್ಮನಿಗೆ "ನಾನು ಇಲ್ಲಿ ಸೌಖ್ಯ" ಅಂತ ಬರೆದದ್ದು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ಊರು, ತಾಲೂಕು, ಕನ್ನಡ ಅಕ್ಷರದಲ್ಲಿ. ಜಾನ್ಸನ್ ಬರೆಯದೆ ಬಿಟ್ಟದ್ದನ್ನು ನಾವೇ ನಮ್ಮ ಪೆಟ್ಟಿಗೆಯ ಮೇಲೆ ಬರೆದುಕೊಂಡಿದ್ದೆವು!

ಹತ್ತು ಜನರ ಹತ್ತು ಟ್ರಂಕು ಎಂದು ತೀರ್ಮಾನಿಸಿದೆ. ಕ್ಯಾಮರಾ ಸ್ಟ್ಯಾಂಡಿನ ಮೇಲೆ ಮೊಣಕಾಲೆತ್ತರ, ಎರಡು ಮಾರು ದೂರ, 50 ಎಂಎಂ ಲೆನ್ಸು, ಬೆಳಿಗ್ಗೆ ಹತ್ತರಿಂದ ಹನ್ನೊಂದರ ಒಳಗಿನ ಕಿಟಕಿ ಬೆಳಕು. ಇವು ಬದಲಾಗಬಾರದು. ಮೊದಲ ಮೂರು ಚಿತ್ರಕ್ಕೆ ಹಿಂದೆ ಬಿಳಿ ಬೆಡ್‌ಶೀಟ್ ಕಟ್ಟಿದ್ದೆ, ಚೊಕ್ಕವಾಗಿರಲಿ ಅಂತ. ಮೇಡಂ ನೋಡಿ, "ಮನೆಯನ್ನು ಯಾಕೆ ಮುಚ್ಚಿದಿರಿ ಕಾಕಾ?" ಅಂದಳು. ಕಪಾಳಕ್ಕೆ ಹೊಡೆದ ಹಾಗಾಯಿತು. ಜಾನ್ಸನ್ ಮಾಡಿದ್ದನ್ನೇ ನಾನೂ ಮಾಡಿದ್ದೆ. ಬೆಡ್‌ಶೀಟ್ ತೆಗೆದೆ, ಮೂರನ್ನೂ ಮತ್ತೆ ತೆಗೆದೆ. ಈಗ ಒಂದು ಟ್ರಂಕು ಮಂಚದ ಕೆಳಗಿದೆ, ಒಂದು ದೇವರ ಮಂಟಪದ ಕೆಳಗೆ, ಒಂದರ ಮೇಲೆ ಟಿವಿ, ಇನ್ನೊಂದರ ಮೇಲೆ ಮೊಮ್ಮಗನ ಆಟದ ಸಾಮಾನು. ಅವರವರ ಜೀವನ ಎಲ್ಲಿಗೆ ಬಂದು ನಿಂತಿತು ಅಂತ ಹಿನ್ನೆಲೆಯೇ ಹೇಳುತ್ತದೆ.

ಪ್ರತಿಯೊಬ್ಬರನ್ನೂ ಕೇಳಿದೆ: ಕೆಳಗೆ ಏನು ಬರೆಯಲಿ? ಅವರು ಹೇಳಿದ್ದನ್ನೇ ಬರೆದೆ. ಒಬ್ಬರು ಹೆಸರು ಬೇಡ, ಊರು ಸಾಕು ಅಂದರು. ಹಾಗೇ ಆಗಲಿ ಅಂದೆ.

ಇನ್ನೊಂದು ತಮಾಷೆ ಹೇಳಬೇಕು. ಥಾಣೆಯ ಸ್ನೇಹಿತನೊಬ್ಬ, "1968ರಲ್ಲಿ ಬಂದ ದಿನದಿಂದ ಒಳಗಿನ ಕಾಗದ ಸಹ ಬದಲಾಯಿಸಿಲ್ಲ" ಅಂತ ಮುಚ್ಚಳ ತೆಗೆದ. ಅಡಿಗೆ ಹಾಸಿದ್ದು ಉದಯವಾಣಿ. ಅರೆ, ಉದಯವಾಣಿ ಶುರುವಾದದ್ದೇ 1970ರಲ್ಲಲ್ಲವೇ! ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿಗೆ ಅವನಿಗೇ ನೆನಪಾಯಿತು: ಒಂದು ಮಳೆಗಾಲ ಚಾಳಿನ ಖೋಲಿಗೆ ನೀರು ನುಗ್ಗಿ ಟ್ರಂಕು ನೆನೆದಿತ್ತು, ಊರಿಗೆ ಹೋದಾಗ ಅವನ ಅಕ್ಕ ಹೊಸ ಕಾಗದ ಹಾಸಿ ಕೊಟ್ಟಿದ್ದಳು. ಆ ಅಕ್ಕ ಈಗಿಲ್ಲ. ಅವನು ಮಾತು ನಿಲ್ಲಿಸಿ ಕಾಗದದ ಮೇಲೆ ಕೈಯಾಡಿಸಿದ. ಆ ಹೊತ್ತಿನಲ್ಲಿ ನಾನು ಫೋಟೋ ತೆಗೆಯಲಿಲ್ಲ.

ಒಂಬತ್ತು ಆದವು. ಹತ್ತನೆಯದು ಭಟ್ಟರದು. ನಮ್ಮ ಕ್ಯಾಂಟೀನಿನ ಅಡಿಗೆಯವರು, ನಾನು ಬಂದ ಮೊದಲ ರಾತ್ರಿ ಅಳುತ್ತ ಮಲಗಿದ್ದಾಗ ತಮ್ಮ ಹೊದಿಕೆ ಹೊದಿಸಿದವರು. ವಸಾಯಿಯಲ್ಲಿ ಮಗನ ಮನೆಯಲ್ಲಿದ್ದರು, ತೊಂಬತ್ತರ ಹತ್ತಿರ. ಫೋನ್ ಮಾಡಿದೆ. "ಬಾ ಮಗಾ, ಯಾವಾಗ ಬೇಕಾದರೂ ಬಾ. ಪೆಟ್ಟಿಗೆ ಮಾಳೆಯ ಮೇಲೆ ಉಂಟು, ಇಳಿಸುವಾ" ಅಂದರು.

ನಾನು ಹೋಗಲಿಲ್ಲ. ಬೆಖರ್ ದಂಪತಿಯ ಹಾಗೆ ಮೋಡದ ಬೆಳಕೇ ಬೇಕು ಅಂತ ಹಟ ಹಿಡಿದೆ. ಮೊದಲ ಭಾನುವಾರ ಬಿಸಿಲು ಜಾಸ್ತಿ. ಎರಡನೆಯದಕ್ಕೆ ಲೋಕಲ್ಲಿನ ಮೆಗಾಬ್ಲಾಕು. ಮೂರನೆಯದಕ್ಕೆ ಮನೆಯಲ್ಲಿ ನೆಂಟರು. ದೀಪಾವಳಿ ಕಳೆಯಲಿ ಅಂದುಕೊಂಡೆ. ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಅವರ ಮಗನ ಫೋನು ಬಂತು, ಅಪ್ಪ ಹೋದರು ಅಂತ. ಹದಿಮೂರನೆಯ ದಿನ ಹೋದಾಗ ಸಂಕೋಚದಿಂದಲೇ ಟ್ರಂಕಿನ ವಿಷಯ ತೆಗೆದೆ. ಹಬ್ಬಕ್ಕೆ ಮನೆ ಗುಡಿಸುವಾಗ ಮಾಳೆ ಖಾಲಿ ಮಾಡಿದ್ದರಂತೆ. "ತುಕ್ಕು ಹಿಡಿದಿತ್ತು ಅಂಕಲ್, ಭಂಗಾರಿನವನಿಗೆ ಕೊಟ್ಟುಬಿಟ್ಟೆ. ಅಪ್ಪನೂ ಬೇಡ ಅನ್ನಲಿಲ್ಲ" ಅಂದ. ಅವನ ತಪ್ಪು ಏನಿಲ್ಲ. ಫೋನ್ ಮಾಡಿ ಬರುತ್ತೇನೆ ಅಂದವನು ನಾನು, ಬರದವನೂ ನಾನು.

ಗಣಿಯ ಕಟ್ಟಡ ಕೆಡವುತ್ತಾರೆಂದು ಪೆನ್ಸಿಲ್ ಬಿಟ್ಟು ಕ್ಯಾಮರಾ ಹಿಡಿದವನು ಬರ್ನ್ಡ್ ಬೆಖರ್. ನಾನು ಅವನಿಂದ ಕಲಿತದ್ದು ಮೋಡವನ್ನು ಮಾತ್ರ, ಅವಸರವನ್ನಲ್ಲ.

ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗ, ಒಳ್ಳೆಯ ಮನಸ್ಸಿನವನೇ, "ಅಂಕಲ್, ಚಿಂತೆ ಬಿಡಿ. ಆ ಒಂಬತ್ತು ನೋಡಿ ಎಐ ಹತ್ತನೆಯದನ್ನು ಮಾಡಿಕೊಡುತ್ತದೆ. ಹೆಸರು ಸಹ ಬರೆದು ಕೊಡುತ್ತದೆ, ಯಾರಿಗೂ ಗೊತ್ತಾಗಲಿಕ್ಕಿಲ್ಲ" ಅಂದ. ಬೇಡಪ್ಪ ಅಂದೆ. ಸ್ಟುಡಿಯೋದ ಜನರ ಹಿಂದೆ ಬೀದಿ ಅಂಟಿಸಿದ್ದು ನೋಡಲು ಚೆನ್ನಾಗಿಯೇ ಇತ್ತು. ಆದರೆ ಅದು ಎಲ್ಲಿಯ ಬೀದಿ, ಅವರು ಯಾರು ಅಂತ ಇವತ್ತು ಕೇಳಿದರೆ ಉತ್ತರ ಇಲ್ಲ. ಭಟ್ಟರ ಪೆಟ್ಟಿಗೆ ಹಸಿರಿತ್ತೋ ನೀಲಿಯಿತ್ತೋ, ನನಗೇ ಈಗ ಸರಿಯಾಗಿ ನೆನಪಿಲ್ಲ. ನೆನಪಿಲ್ಲದ್ದನ್ನು ಯಂತ್ರಕ್ಕೆ ಹೇಗೆ ಹೇಳಿಕೊಡಲಿ?

ಒಂಬತ್ತನ್ನೇ ಕೊಟ್ಟೆ. ಹತ್ತು ಕೇಳಿದ್ದಕ್ಕೆ ಒಂಬತ್ತು ಕೊಟ್ಟರೆ ಮಾರ್ಕು ಕಡಿಮೆಯೇ, ಮೇಡಂ ಅದರಲ್ಲಿ ದಾಕ್ಷಿಣ್ಯ ಮಾಡಲಿಲ್ಲ. ಆದರೆ ಈ ಸಲ ಚಿತ್ರಗಳನ್ನು ಮೇಜಿನ ಮೇಲೆ ಮೂರು ಮೂರರಂತೆ ಜೋಡಿಸಿ ಬಹಳ ಹೊತ್ತು ನಿಂತು ನೋಡಿದಳು. ಒಂದು ಹೆಸರನ್ನು ತೋರಿಸಿ, ಇದು ಹೇಗೆ ಓದುವುದು ಅಂತ ಕೇಳಿದಳು. ಓದಿ ಹೇಳಿದೆ. ಉಳಿದ ಎಂಟನ್ನೂ ಕೇಳಿದಳು.

ನಿಮ್ಮಲ್ಲಿ ಯಾರಾದರೂ ಹೊಸದಾಗಿ ಕ್ಯಾಮರಾ ಹಿಡಿದಿದ್ದರೆ ಈ ಹಳೆ ವಿದ್ಯಾರ್ಥಿಯ ಮಾತು ಇಷ್ಟೇ. ವಿಷಯ ಹುಡುಕಿಕೊಂಡು ಲಡಾಖಿಗೆ ಹೋಗಬೇಡಿ. ಪುಣೆಯಲ್ಲೋ, ಚೆನ್ನೈಯಲ್ಲೋ, ದಿಲ್ಲಿಯಲ್ಲೋ ನಿಮ್ಮ ಮನೆಯ ಹಿರಿಯರು ಊರಿನಿಂದ ತಂದದ್ದು ಏನಾದರೂ ಒಂದು ಇದ್ದೇ ಇರುತ್ತದೆ: ದೋಸೆ ಕಾವಲಿ, ಪಂಚಪಾತ್ರೆ, ಯಕ್ಷಗಾನದ ಗೆಜ್ಜೆ, ಹೊಲಿಗೆ ಮೆಷಿನ್ನು. ಒಂದನ್ನು ಆರಿಸಿ. ಏನನ್ನು ಬದಲಾಯಿಸುವುದಿಲ್ಲ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಹಿನ್ನೆಲೆಯನ್ನು ಮುಚ್ಚಬೇಡಿ. ಯಾರದು, ಯಾವ ಊರು, ಯಾವ ಇಸವಿ ಅಂತ ಅವರನ್ನೇ ಕೇಳಿ ಬರೆಯಿರಿ. ಮತ್ತೆ, ಬೆಳಕು ಸರಿಯಿಲ್ಲ ಅಂತ ಮುಂದೆ ಹಾಕಬೇಡಿ. ಗ್ರೀನ್‌ಲಾನಿಗೆ ಬೇಕಾದ ಬೆಳಕು ಸಿಕ್ಕಿತ್ತೋ ಇಲ್ಲವೋ ಯಾರಿಗೆ ಗೊತ್ತು. ಅವನು ಅಲ್ಲಿಗೆ ಹೋಗಿದ್ದ, ಆಗ ಶಿಖರ ಇತ್ತು. ನಮಗೆ ಉಳಿದದ್ದು ಅದೇ.

ಮುಂದಿನ ಭಾನುವಾರ ಮುಲುಂಡಿಗೆ ಹೋಗುತ್ತಿದ್ದೇನೆ. ಅಲ್ಲೊಬ್ಬರ ಮನೆಯಲ್ಲಿ 1961ರ ಟ್ರಂಕು ಇದೆಯಂತೆ. ಮಳೆಯೋ ಬಿಸಿಲೋ, ಹೋಗುವುದು ಹೋಗುವುದೇ.